ಜುಲೈ ಮುಗಿಯುವ ಮೊದಲು ಹೀಟ್ ಎಕ್ಸ್‌ಚೇಂಜರ್ ಬಿಚ್ಚಿ ನೋಡಿ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಜಾರಿಯಲ್ಲಿದೆ. ಕಾರವಾರ, ಗಂಗೊಳ್ಳಿ, ಮಲ್ಪೆ, ಮಂಗಳೂರು ಬಂದರುಗಳಲ್ಲಿ ಯಾಂತ್ರೀಕೃತ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಬಲೆ ಹೆಣೆಯುವುದು, ತೇಪೆ ಹಾಕುವುದು, ಬಣ್ಣ ಬಳಿಯುವುದು ನಡೆದಿದೆ. ಕಣ್ಣಿಗೆ ಕಾಣುವ ಈ ಕೆಲಸಗಳ ನಡುವೆ ಎಂಜಿನ್ನಿನ ಮಗ್ಗುಲಿಗೆ ಅಂಟಿಕೊಂಡ ಹೀಟ್ ಎಕ್ಸ್‌ಚೇಂಜರ್ ಮರೆತುಹೋಗುವುದು ಸುಲಭ. ಕಳೆದ ಋತುವಿನಲ್ಲಿ ತೊಂದರೆ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಮುಚ್ಚಿಟ್ಟೇ ಮುಂದಿನ ಋತುವಿಗೆ ಹೊರಡುವುದು ಅಪಾಯಕಾರಿ. ಈ ಎಚ್ಚರಿಕೆಯನ್ನು ಈಗಲೇ ಹೇಳಬೇಕಾಗಿದೆ, ಏಕೆಂದರೆ ಕೇಡು ನಡೆಯುತ್ತಿರುವುದೂ ಈಗಲೇ.

ಉರಿದ ಡೀಸೆಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಬೋಟನ್ನು ಓಡಿಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖ ಹೊಗೆಯ ಜೊತೆ ಹೋಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ಎಂಜಿನ್ನಿನೊಳಗೆ ಸುತ್ತುವ ಕೂಲಂಟ್ ಹೊತ್ತೊಯ್ಯಬೇಕು. ಲಾರಿಯಲ್ಲಿ ರೇಡಿಯೇಟರ್ ಅದನ್ನು ಗಾಳಿಗೆ ಬಿಡುತ್ತದೆ. ಬೋಟಿನಲ್ಲಿ ಅದು ಸಮುದ್ರಕ್ಕೆ ಹೋಗಬೇಕು. ಹೀಟ್ ಎಕ್ಸ್‌ಚೇಂಜರ್ ಒಳಗಿನ ಸಣ್ಣ ಕೊಳವೆಗಳ ಕಟ್ಟಿನಲ್ಲಿ ಉಪ್ಪುನೀರು ಹರಿಯುತ್ತದೆ, ಕೊಳವೆಗಳ ಹೊರಮೈಯನ್ನು ಸವರಿಕೊಂಡು ಕೂಲಂಟ್ ಸಾಗುತ್ತದೆ. ಎರಡರ ನಡುವೆ ಇರುವುದು ತೆಳ್ಳನೆಯ ತಾಮ್ರ-ನಿಕ್ಕಲ್ ಗೋಡೆ ಮಾತ್ರ. ಇಡೀ ಎಂಜಿನ್ನಿನ ಆಯುಸ್ಸು ಆ ಗೋಡೆಯ ಶುಚಿ ಮತ್ತು ಗಟ್ಟಿತನವನ್ನು ನೆಚ್ಚಿಕೊಂಡಿದೆ.

ಬೋಟು ನಿಂತಾಗ ಈ ಕೊಳವೆಗಳಿಗೆ ವಿಶ್ರಾಂತಿ ಸಿಗುವುದಿಲ್ಲ. ಒಳಗೆ ಉಳಿದ ಉಪ್ಪುನೀರಿನಲ್ಲಿ ಸಿಕ್ಕಿಕೊಂಡ ಸಣ್ಣ ಜೀವಿಗಳು ಸತ್ತು ಕೊಳೆಯುತ್ತವೆ. ಆಗ ಹುಟ್ಟುವ ಗಂಧಕದ ಸಂಯುಕ್ತಗಳು ಕೊಳವೆಯ ಮೇಲಿನ ರಕ್ಷಕ ಪದರವನ್ನು ಕೆಡಿಸುತ್ತವೆ. ಅಲ್ಲಿ ಸೂಜಿಮೊನೆಯಷ್ಟು ಗುಂಡಿ ಬಿದ್ದು ಆಳವಾಗುತ್ತಾ ಹೋಗುತ್ತದೆ. ಹರಿಯುವ ನೀರಿಗಿಂತ ನಿಂತ ನೀರು ಹೆಚ್ಚು ಹಾನಿ ಮಾಡುವುದು ಹೀಗೆ. ಬೋಟು ನಿಂತ ವಾರದಲ್ಲೇ ಸಿಹಿನೀರು ಹಾಯಿಸಿ ತೊಳೆದು ನೀರನ್ನು ಪೂರ್ತಿ ಬಸಿದು ಬಿಡಬೇಕಿತ್ತು. ಮಾಡದವರು ಇಂದೇ ಮಾಡಲಿ.

ಇನ್ನೊಂದು ಮೋಸ ಸಮುದ್ರದ್ದೇ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಮೇಲ್ಮೈ ನೀರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿಯಾಗುತ್ತದೆ. ಮಳೆಗಾಲದಲ್ಲಿ ಅಡಿಯ ತಂಪು ನೀರು ಮೇಲೆದ್ದು ಬರುತ್ತದೆ. ಆದ್ದರಿಂದ ಆಗಸ್ಟ್‌ನಲ್ಲಿ ಕಡಲಿಗಿಳಿದಾಗ ಅರ್ಧ ಕಟ್ಟಿಕೊಂಡ ಹೀಟ್ ಎಕ್ಸ್‌ಚೇಂಜರ್ ಕೂಡ ಕೆಲಸ ಮಾಡಿದಂತೆ ಕಾಣುತ್ತದೆ. ಮಳೆ ಹಿಂದೆಗೆದು ನೀರು ಮತ್ತೆ ಬಿಸಿಯಾದಾಗ ಅದರ ಸೋಲು ಬಯಲಾಗುತ್ತದೆ. ಆಗ ಬೋಟು ದಡದಿಂದ ಬಹು ದೂರ ಆಳಸಮುದ್ರದಲ್ಲಿ ಬಲೆ ಎಳೆಯುತ್ತಿರುತ್ತದೆ.

ಎಂಜಿನ್ ಮೊದಲೇ ಸೂಚನೆ ಕೊಡುತ್ತದೆ. ಕೆಂಪು ದೀಪ ಹೊತ್ತಿದಾಗ ತಡವಾಗಿರುತ್ತದೆ. ನೋಡಬೇಕಾದದ್ದು ತಾಪಮಾಪಕದ ಮುಳ್ಳಿನ ನಿಧಾನದ ಚಲನೆ. ಅದೇ ಹೊರೆಗೆ, ಅದೇ ವೇಗಕ್ಕೆ ಕಳೆದ ತಿಂಗಳಿಗಿಂತ ಐದು ಡಿಗ್ರಿ ಹೆಚ್ಚು ತೋರಿಸಿದರೆ ಕೊಳವೆಗಳು ಕಟ್ಟುತ್ತಿವೆ ಎಂದು ಅನುಮಾನಿಸಬೇಕು. ಬಲೆ ಎಳೆಯುವಾಗ ಏರಿ, ಎಂಜಿನ್ ನಿಧಾನ ಮಾಡಿದೊಡನೆ ಇಳಿದರೂ ಅದೇ ಅನುಮಾನ. ಒಮ್ಮೆಲೇ ಏರಿದರೆ ಉಪ್ಪುನೀರಿನ ಪಂಪ್ ಅಥವಾ ಸ್ಟ್ರೈನರ್ ನೋಡಿ. ನೀರಿನ ದಾರಿ ಮುಚ್ಚಲು ಒಂದು ಪ್ಲಾಸ್ಟಿಕ್ ಚೀಲ ಸಾಕು. ಬೋಟಿನ ಪಕ್ಕದಿಂದ ಬೀಳುವ ನೀರಿನ ಧಾರೆ ಸಣ್ಣದಾಗುವುದೂ ಎಚ್ಚರಿಕೆ. ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಕೊಳವೆ ತೂತಾಗಿರಬಹುದು. ಎಂಜಿನ್ ಓಡುವಾಗ ಒತ್ತಡ ಹೆಚ್ಚಿರುವ ಕೂಲಂಟ್ ಕಡಲಿಗೆ ಹೋಗುತ್ತದೆ. ನಿಂತು ತಣಿದ ಮೇಲೆ ಉಪ್ಪುನೀರು ಒಳಗೆ ಬರಬಹುದು. ಬಂದರೆ ಲೈನರ್, ಹೆಡ್ ಎರಡನ್ನೂ ತಿನ್ನುತ್ತದೆ. ಥರ್ಮೋಸ್ಟಾಟ್ ಕಿತ್ತು ಹಾಕುವುದು, ಕೂಲಂಟ್ ಬದಲು ಬಾವಿ ನೀರು ತುಂಬಿಸುವುದು ಇದಕ್ಕೆ ಮದ್ದಲ್ಲ. ಅವು ರೋಗವನ್ನು ಮರೆಮಾಚುತ್ತವೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎಂಜಿನ್ ಪೂರ್ತಿ ತಣಿದಿರಲಿ. ನೀರು ಒಳಬರುವ ವಾಲ್ವ್ ಮುಚ್ಚಿ, ಎರಡೂ ತುದಿಯ ಮುಚ್ಚಳ ತೆಗೆಯಿರಿ. ಟಾರ್ಚ್ ಹಿಡಿದರೆ ಕೊಳವೆಗಳ ಬಾಯಿ ಜೇನುಗೂಡಿನ ಕಣ್ಣುಗಳಂತೆ ಸಾಲಾಗಿ ಕಾಣುತ್ತವೆ. ಕೆಲವು ಬಿಳಿ ಗಟ್ಟಿ ಪದರದಿಂದ ಅರ್ಧ ಮುಚ್ಚಿರುತ್ತವೆ. ಕೆಲವುಗಳಲ್ಲಿ ಚಿಪ್ಪಿನ ಚೂರು ಸಿಕ್ಕಿಕೊಂಡಿರುತ್ತದೆ. ಕಪ್ಪು ರಬ್ಬರ್ ತುಂಡು ಕಂಡರೆ ಅದು ಪಂಪಿನ ಇಂಪೆಲ್ಲರ್‌ನಿಂದ ಮುರಿದ ರೆಕ್ಕೆ. ಹೊಸ ಇಂಪೆಲ್ಲರ್ ಹಾಕಿದರಷ್ಟೇ ಸಾಲದು, ಮುರಿದ ತುಂಡುಗಳನ್ನೆಲ್ಲ ಹುಡುಕಿ ತೆಗೆಯಬೇಕು. ಕೊಳವೆಗಳನ್ನು ಮರದ ಇಲ್ಲವೇ ಹಿತ್ತಾಳೆಯ ಸಣ್ಣ ಕಡ್ಡಿಯಿಂದ ಚುಚ್ಚಿ ತೆರವು ಮಾಡಿ. ಉಕ್ಕಿನ ಸರಳು ಗೋಡೆಯನ್ನು ಗೀರುತ್ತದೆ. ಹಾಗೆ ಮಾಡಿದರೂ ಬಿಡದ ಪದರಕ್ಕೆ ತಿಳಿದವರ ಕೈಯಿಂದ ತೆಳುವಾದ ಆಸಿಡ್ ಹಾಕಿಸಬಹುದು. ಅಲ್ಯೂಮಿನಿಯಂ ಭಾಗಕ್ಕೆ ಅದು ತಾಗಲೇಬಾರದು. ಸತುವಿನ ಕಡ್ಡಿ ಇರುವ ಮಾದರಿಯಾದರೆ ಅದು ಅರ್ಧ ಸವೆದಾಗಲೇ ಬದಲಿಸಿ, ಏಕೆಂದರೆ ಅದು ತೀರಿದ ಮೇಲೆ ಉಪ್ಪು ತಿನ್ನುವುದು ಎಂಜಿನ್ನಿನ ಲೋಹವನ್ನೇ. ಮತ್ತೆ ಜೋಡಿಸುವ ಮೊದಲು ವರ್ಕ್‌ಶಾಪಿನಲ್ಲಿ ಒತ್ತಡ ಹಾಕಿ ಸೋರಿಕೆ ಪರೀಕ್ಷಿಸಿ, ಹೊಸ ಓ-ರಿಂಗ್, ಗ್ಯಾಸ್ಕೆಟ್ ಹಾಕಿ.

ಹಾಯಿದೋಣಿಯಲ್ಲಿ ದೂರದ ಸಾಗರಯಾನ ಮಾಡುವವರು ಇದೇ ಉಪಕರಣವನ್ನು ಬಹಳ ಜತನದಿಂದ ನೋಡಿಕೊಳ್ಳುತ್ತಾರೆ. ಎಂಜಿನ್ ನಿಂತರೂ ಗಾಳಿ ಹಿಡಿಯಲು ಅವರಿಗೆ ಹಾಯಿ ಇದೆ. ಆದರೂ ಬಂದರಿನ ಕಿರಿದಾದ ಬಾಯಲ್ಲಿ ಎಂಜಿನ್ ಕೈಕೊಟ್ಟರೆ ಗತಿಯಿಲ್ಲ ಎಂದು ಅವರು ಬಲ್ಲರು. ನಮ್ಮ ಬೋಟುಗಳಿಗೆ ಹಾಯಿಯೂ ಇಲ್ಲ. ಅಳಿವೆಬಾಗಿಲಲ್ಲಿ ಅಲೆ ಒಡೆಯುವಾಗ ಎಂಜಿನ್ ನಿಂತರೆ ಬೋಟು ನಡೆಸುವ ತಾಂಡೇಲನ ಕೈಯಲ್ಲಿ ಉಳಿಯುವುದು ಲಂಗರು ಮತ್ತು ವೈರ್‌ಲೆಸ್ ಮಾತ್ರ.

ಆದ್ದರಿಂದ ಬೋಟ್ ಮಾಲೀಕರು ಬಣ್ಣಕ್ಕೆ ಹಣ ತೆಗೆದಿಡುವಾಗ ಈ ಕೆಲಸಕ್ಕೂ ತೆಗೆದಿಡಲಿ. ಎಂಜಿನ್ ಡ್ರೈವರುಗಳು ಒಂದು ನೋಟ್‌ಬುಕ್ ಇಟ್ಟು ಪ್ರತಿ ಟ್ರಿಪ್ಪಿನ ತಾಪಮಾನವನ್ನು ಬರೆದಿಡಲಿ. ಮೀನುಗಾರರ ಸಂಘಗಳು ಬಂದರಿಗೊಂದು ಒತ್ತಡ ಪರೀಕ್ಷೆಯ ಸಲಕರಣೆ ಕೊಳ್ಳಲಿ. ಮೀನುಗಾರಿಕೆ ಇಲಾಖೆ ಜುಲೈ ಒಳಗೆ ಪ್ರತಿ ಬಂದರಿನಲ್ಲೂ ಒಂದು ದಿನದ ಪ್ರಾತ್ಯಕ್ಷಿಕೆ ನಡೆಸಲಿ. ದಕ್ಕೆಯಲ್ಲಿ ನಿಂತ ಬೋಟಿನಲ್ಲಿ ಈ ಕೆಲಸ ಒಂದೆರಡು ದಿನದ್ದು; ಕಡಲ ನಡುವೆ ಅದನ್ನು ಮಾಡಲು ಜಾಗವೂ ಇಲ್ಲ, ಸಮಯವೂ ಇಲ್ಲ.