ಮಿಕ್ಕ ದಾರಕ್ಕೂ ಒಂದು ಲೆಕ್ಕವಿದೆ

ವರ್ಷದ ಕೊನೆಗೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಸರಕನ್ನು ಲೆಕ್ಕಕ್ಕೆ ತರದಿದ್ದರೆ ಲಾಭ ನಷ್ಟದ ಲೆಕ್ಕವೇ ತಪ್ಪಾಗುತ್ತದೆ ಎಂದು ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಅದರ ಹೆಸರು ಅಂತಿಮ ದಾಸ್ತಾನು. ನಮ್ಮಲ್ಲಿ ಹಲವರ ಮನೆಯಲ್ಲಿ ಯಾವ ಪುಸ್ತಕದಲ್ಲೂ ಬರೆಯದ ಒಂದು ದಾಸ್ತಾನು ಇದೆ. ಬೀರುವಿನ ಕೆಳಗಿನ ಖಾನೆಯಲ್ಲೋ, ಮಂಚದಡಿಯ ಪೆಟ್ಟಿಗೆಯಲ್ಲೋ, ಬಟ್ಟೆ ಅಂಗಡಿಯ ಹಳೆಯ ಕೈಚೀಲದಲ್ಲೋ ಅದು ಕುಳಿತಿರುತ್ತದೆ. ಸ್ವೆಟರ್ ಮುಗಿದ ಮೇಲೆ ಮಿಕ್ಕ ಅರ್ಧ ಉಂಡೆ, ಮಗುವಿನ ಟೋಪಿ ಮುಗಿದ ಮೇಲೆ ಉಳಿದ ಹತ್ತು ಮೊಳ, ಯಾವುದರದ್ದೆಂದು ಯಾರಿಗೂ ನೆನಪಿಲ್ಲದ ಹಸಿರು ದಾರ. ಕ್ರೋಶಾ ಹೆಣೆಯುವ ಮನೆಯೆಂದರೆ ಈ ಚೀಲ ಇರಲೇಬೇಕು.

ನಮ್ಮ ಮನೆಯಲ್ಲಿ ಮಾತು ಉರ್ದು. ಕ್ರೋಶಾಕ್ಕೆ ಅಮ್ಮಿ ಕುರೋಶಿಯಾ ಎನ್ನುತ್ತಾರೆ, ಮಿಕ್ಕ ಉಲ್ಲನ್‌ಗೆ ಬಚ್ಯಾಸೋ ಊನ್ ಎನ್ನುತ್ತಾರೆ. ಉಳಿದದ್ದು ಎನ್ನಲು ಯಾವ ಪದವೋ, ಅದರಿಂದಲೇ ಬಚತ್ ಎಂಬ ಪದವೂ ಬಂದಿದೆ. ಕನ್ನಡದಲ್ಲೂ ಹಾಗೆಯೇ. ಉಳಿದದ್ದು, ಉಳಿಕೆ, ಉಳಿತಾಯ ಎಲ್ಲವೂ ಒಂದೇ ಬೇರಿನವು. ಎರಡು ಭಾಷೆಗಳೂ ಮಿಕ್ಕಿದ್ದನ್ನು ಕಸ ಎಂದು ಕರೆಯುವುದಿಲ್ಲ. ಆದರೂ ಚೀಲ ಮಾತ್ರ ಹಾಗೆಯೇ ಬಿದ್ದಿರುತ್ತದೆ, ನಾವು ಹೊಸ ಉಂಡೆ ತರಲು ಪೇಟೆಗೆ ಹೋಗುತ್ತೇವೆ.

ನನ್ನ ಅಭಿಪ್ರಾಯ ಎರಡು ಭಾಗದ್ದು. ಮೊದಲನೆಯದು, ಹೊಸ ದಾರ ಕೊಳ್ಳುವ ಮುಂಚೆ ಚೀಲದಲ್ಲಿರುವುದನ್ನು ತೂಗಿ, ವಿಂಗಡಿಸಿ, ಬಳಸಬೇಕು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ಮಿಕ್ಕ ದಾರದಿಂದ ಮಾಡಿದ ವಸ್ತುವನ್ನು ಪುಕ್ಕಟೆ ವಸ್ತು ಎಂದು ತಿಳಿಯುವುದನ್ನು ನಿಲ್ಲಿಸಬೇಕು.

ಮೊದಲನೆಯದಕ್ಕೆ ಬರೋಣ. ಕಳೆದ ರಜೆಯಲ್ಲಿ ನಮ್ಮ ಚೀಲವನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. 740 ಗ್ರಾಂ ಬಂತು. ನಾವು 100 ಗ್ರಾಂ ಉಂಡೆಗೆ ಕೊಡುವುದು 80 ರೂಪಾಯಿ. ಅಂದರೆ 592 ರೂಪಾಯಿಯ ಸರಕು. ಲಕ್ಷಾಧಿಪತಿಯಾಗುವ ಮೊತ್ತವೇನಲ್ಲ, ಆದರೆ ದಾರಿಯಲ್ಲಿ ಬಿದ್ದಿದ್ದರೆ ಯಾರೂ ಬಿಟ್ಟು ಹೋಗುವ ಮೊತ್ತವೂ ಅಲ್ಲ.

ತೂಗಿದ ಮೇಲೆ ವಿಂಗಡಿಸಬೇಕು. ಹೆಚ್ಚಿನವರು ಬಣ್ಣ ನೋಡಿ ವಿಂಗಡಿಸುತ್ತಾರೆ. ಮೊದಲು ನೋಡಬೇಕಾದದ್ದು ನೂಲಿನ ಜಾತಿ, ಆಮೇಲೆ ದಪ್ಪ, ಬಣ್ಣ ಕೊನೆಗೆ. ನಾವು ಉಲ್ಲನ್ ಎಂದು ಕರೆಯುವ ದಾರದಲ್ಲಿ ಬಹುಪಾಲು ಉಣ್ಣೆಯಲ್ಲ, ಅಕ್ರಿಲಿಕ್. ಅದು ಒಂದು ಬಗೆಯ ಪ್ಲಾಸ್ಟಿಕ್ಕೇ. ಬಿಸಿ ತಾಗಿದರೆ ಕರಗುತ್ತದೆ. ಆದ್ದರಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಅನ್ನದ ಪಾತ್ರೆಯ ಅಡಿಗೆ ಇಡುವ ಸುತ್ತು ಇವನ್ನು ಅಕ್ರಿಲಿಕ್‌ನಲ್ಲಿ ಎಂದಿಗೂ ಹೆಣೆಯಬಾರದು. ಅಡುಗೆಮನೆಗೆ ಹತ್ತಿ ದಾರವೇ ಸರಿ. ಅಕ್ರಿಲಿಕ್ ಹೊದಿಕೆಗೆ, ಚೀಲಕ್ಕೆ, ಮಫ್ಲರ್‌ಗೆ ಆಗುತ್ತದೆ. ಒಂದು ತೆಳು ದಾರ, ಒಂದು ದಪ್ಪ ದಾರ ಪಕ್ಕಪಕ್ಕ ಬಂದರೆ ಹೆಣಿಗೆ ಸುಕ್ಕುಗಟ್ಟುತ್ತದೆ. ತೆಳುವಾದ ಎರಡು ಎಳೆಗಳನ್ನು ಜೊತೆಗೆ ಹಿಡಿದು ಹೆಣೆದರೆ ದಪ್ಪ ದಾರಕ್ಕೆ ಸರಿಸಮ ಮಾಡಬಹುದು. ಕೆಂಪು, ಕಡುನೀಲಿ ಹತ್ತಿ ದಾರಗಳನ್ನು ಬಿಳಿಯ ಜೊತೆ ಸೇರಿಸುವ ಮುಂಚೆ ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ನೋಡಬೇಕು.

ಇರುವ ದಾರ ಸಾಕಾಗುತ್ತದೆಯೇ ಎಂದು ತಿಳಿಯಲೂ ತಕ್ಕಡಿ ಸಾಕು. ಒಂದು ಸಾಲು ಹೆಣೆಯುವ ಮುಂಚೆ ಉಂಡೆಯನ್ನು ತೂಗಿ, ಸಾಲು ಮುಗಿದ ಮೇಲೆ ಮತ್ತೆ ತೂಗಿ. ಸಾಲಿಗೆ 4 ಗ್ರಾಂ ಹೋಗಿ, ಉಂಡೆಯಲ್ಲಿ 22 ಗ್ರಾಂ ಉಳಿದಿದ್ದರೆ ಇನ್ನು ಐದು ಸಾಲು ಆಗುತ್ತದೆ, ಆರನೆಯದು ಆಗುವುದಿಲ್ಲ. ಸಾಲಿನ ನಡುವೆ ದಾರ ಮುಗಿದು ಇಡೀ ಸಾಲು ಬಿಚ್ಚುವ ಸಂಕಟ ತಪ್ಪುತ್ತದೆ.

ಏನು ಮಾಡಬಹುದು? ಗ್ರ್ಯಾನಿ ಸ್ಕ್ವೇರ್ ಎಂಬ ಚೌಕ ಮಿಕ್ಕ ದಾರಕ್ಕೆಂದೇ ಹುಟ್ಟಿದಂತಿದೆ. ನಡುವಿನಿಂದ ಶುರುವಾಗಿ ಸುತ್ತು ಸುತ್ತಾಗಿ ಬೆಳೆಯುವುದರಿಂದ ಪ್ರತಿ ಸುತ್ತಿಗೂ ಬೇರೆ ಬಣ್ಣ ಹಾಕಬಹುದು. ಒಳಸುತ್ತಿಗೆ ಸ್ವಲ್ಪ ದಾರವಿದ್ದರೂ ಸಾಕು. ಹೊರಸುತ್ತು ಮಾತ್ರ ಎಲ್ಲ ಚೌಕಗಳಿಗೂ ಒಂದೇ ಬಣ್ಣದ್ದಾಗಿದ್ದರೆ ಜೋಡಿಸಿದಾಗ ಕಣ್ಣಿಗೆ ಹಿತ. ಹತ್ತಿ ದಾರ ಮಿಕ್ಕಿದ್ದರೆ ನಮಾಜಿನ ಜಾಲಿ ಟೋಪಿ ಇದೆ. ನಮ್ಮ ತಕ್ಕಡಿಯಲ್ಲಿ ತಮ್ಮನ ಟೋಪಿ 25 ಗ್ರಾಂ ಸಹ ತೂಗಲಿಲ್ಲ. ನೆತ್ತಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬಂದರೆ ಅದನ್ನು ಡಿಸೈನ್ ಎನ್ನುತ್ತಾರೆ, ದಾರ ಸಾಲಲಿಲ್ಲ ಎಂದು ಯಾರೂ ಹೇಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಮುಗಿಸಬೇಕು ಎಂಬ ಹಟದಿಂದ ಯಾರಿಗೂ ಬೇಡವಾದ ವಸ್ತು ಮಾಡುವುದು ಉಳಿತಾಯವಲ್ಲ. ಟಿವಿ ರಿಮೋಟಿಗೆ ಅಂಗಿ, ಟಿಶ್ಯೂ ಡಬ್ಬಕ್ಕೆ ಲಂಗ, ಬಾಟಲಿಗೆ ಸ್ವೆಟರ್ ಹೆಣೆದರೆ ದಾರ ಚೀಲದಿಂದ ಶೋಕೇಸಿಗೆ ವರ್ಗಾವಣೆಯಾಯಿತು ಅಷ್ಟೆ. ಲೆಕ್ಕದ ಭಾಷೆಯಲ್ಲಿ ಕಚ್ಚಾ ಸರಕು ಹೋಗಿ ಸಿದ್ಧ ಸರಕು ಬಂತು, ದಾಸ್ತಾನು ಕರಗಲಿಲ್ಲ. ಮಿಕ್ಕ ನಾಲ್ಕು ಬಣ್ಣಕ್ಕೆ ಹೊಂದುತ್ತದೆಂದು ಐದನೆಯ ಬಣ್ಣದ ಹೊಸ ಉಂಡೆ ಕೊಂಡರೆ ಅದು ಮತ್ತೆ ಮಿಗುತ್ತದೆ. ದಾದಿ ಇದಕ್ಕೆ ಫುಜೂಲ್ ಖರ್ಚಿ ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಯಾರು ಬಳಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಕಡ್ಡಿ ಕೈಗೆತ್ತಿಕೊಳ್ಳದೆ ದಾರವನ್ನು ಬೇಕಾದವರಿಗೆ ಕೊಟ್ಟುಬಿಡುವುದೇ ಲೇಸು.

ಈಗ ಎರಡನೆಯ ಭಾಗ. ಕಳೆದ ವರ್ಷ ಒಂದು ಮೇಳದಲ್ಲಿ ನಾವು ನಾಲ್ವರು ಗೆಳತಿಯರು ಮಿಕ್ಕ ದಾರದ ಕೋಸ್ಟರ್‌ಗಳನ್ನು ಮಾರಾಟಕ್ಕಿಟ್ಟೆವು. ಕೊಳ್ಳಲು ಬಂದವರೊಬ್ಬರು ಮಿಕ್ಕ ದಾರ ಎಂದು ಕೇಳಿದ ಕೂಡಲೇ, ಹಾಗಾದರೆ ಖರ್ಚೇ ಇಲ್ಲವಲ್ಲ, ಒಂದಕ್ಕೆ ಇಪ್ಪತ್ತು ರೂಪಾಯಿ ಮಾಡಿ ಎಂದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅವರು ನಿಜವಾಗಿಯೂ ಹಾಗೆಯೇ ನಂಬಿದ್ದರು. ಒಂದು ಕೋಸ್ಟರಿಗೆ 10 ಗ್ರಾಂ ದಾರ, ಅಂದರೆ 8 ರೂಪಾಯಿ. ಸಮಯ 45 ನಿಮಿಷ. ಇಪ್ಪತ್ತರಲ್ಲಿ ದಾರದ ಎಂಟು ಕಳೆದರೆ ಹನ್ನೆರಡು. ಗಂಟೆಗೆ 16 ರೂಪಾಯಿ ಕೂಲಿ. ದಾರವನ್ನು ಸೊನ್ನೆ ಎಂದು ಹಿಡಿದರೂ ಗಂಟೆಗೆ 27 ರೂಪಾಯಿ ದಾಟುವುದಿಲ್ಲ. ದಾರ ಪುಕ್ಕಟೆ ಎಂದ ಬಾಯಲ್ಲಿ ಕೈಯೂ ಪುಕ್ಕಟೆ ಎಂಬ ಮಾತು ಅಡಗಿದೆ.

ಸ್ವೆಟರ್ ಹೆಣೆಯಲು ಯಂತ್ರಗಳಿವೆ. ಕ್ರೋಶಾದಂತೆ ಕಾಣುವ ಲೇಸು ಯಂತ್ರದಲ್ಲಿ ಬರಬಹುದು, ಆದರೆ ನಿಜವಾದ ಕ್ರೋಶಾ ಕೈಯಿಂದಲೇ ಆಗಬೇಕು. ಮಾಲ್‌ನಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಚೀಲದ ಹಿಂದೆಯೂ ಯಾರದೋ ಬೆರಳುಗಳಿವೆ.

ಇದಕ್ಕೆ ನಮ್ಮ ನೆರೆಯ ಆಂಧ್ರದ ನರಸಾಪುರವೇ ಸಾಕ್ಷಿ. ಪಶ್ಚಿಮ ಗೋದಾವರಿಯ ಆ ಊರಿಗೆ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಕ್ರೋಶಾ ಲೇಸು ಬಂತು. ಮುಂದೆ ಸಾವಿರಾರು ಹೆಂಗಸರು ಮನೆಯಲ್ಲಿ ಕುಳಿತು ಹೆಣೆದ ಲೇಸು ಹೊರದೇಶಗಳಿಗೆ ರಫ್ತಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಹೆಣೆಯುವವರನ್ನು ಕೆಲಸಗಾರರೆಂದು ಯಾರೂ ಕರೆಯುತ್ತಿರಲಿಲ್ಲ. ಅವರು ಗೃಹಿಣಿಯರು, ಅದು ಬಿಡುವಿನ ವೇಳೆಯ ಕೆಲಸ ಎಂದು ಹೇಳಿ ಕೂಲಿಯನ್ನು ತೀರಾ ಕಡಿಮೆ ಇಡಲಾಗಿತ್ತು ಎಂಬುದು ಅವರು ಕಂಡ ಸತ್ಯ. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಲೇಸಿಗೆ ಹೆಸರು ಸಿಕ್ಕಿತು, ಒಳ್ಳೆಯದೇ. ಹೆಣೆದವರ ಗಂಟೆಗಳಿಗೂ ಬೆಲೆ ಸಿಗಬೇಕು.

ಬಿಡುವಿನ ವೇಳೆ ಎಂಬ ಮಾತೇ ನನಗೆ ಒಪ್ಪಿಗೆಯಿಲ್ಲ. ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ ಮನೆಗೆ ಕೊಟ್ಟ ಮೇಲೆ ಉಳಿಯುವ ಒಂದು ಗಂಟೆಯಲ್ಲಿ ಅಮ್ಮಿ ಕ್ರೋಶಾ ಕಡ್ಡಿ ಹಿಡಿಯುತ್ತಾರೆ. ಆ ಗಂಟೆ ಮಿಕ್ಕ ದಾರದಂತೆಯೇ ಮಿಕ್ಕಿದ್ದು. ಕಡಿಮೆ ಇರುವುದರ ಬೆಲೆ ಹೆಚ್ಚಾಗಬೇಕೆಂದು ಅರ್ಥಶಾಸ್ತ್ರ ಹೇಳುತ್ತದೆ, ಮನೆಯಲ್ಲಿ ಮಾತ್ರ ಅದು ಸೊನ್ನೆಯಾಗುತ್ತದೆ. ಮನೆಯಲ್ಲಿ ಹೆಂಗಸರು ಮಾಡುವ ಕೆಲಸ ಜಿಡಿಪಿಯಲ್ಲಿ ಸೇರುವುದಿಲ್ಲ ಎಂದು ದ್ವಿತೀಯ ಪಿಯುಸಿಯ ಪಠ್ಯದಲ್ಲೇ ಇದೆ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆಯುವ ನಾವು ಮನೆಗೆ ಹೋಗಿ, ಸುಮ್ಮನೆ ಕೂತಿದ್ದೀರಲ್ಲ, ಒಂದು ಟೋಪಿ ಹೆಣೆದುಕೊಡಿ ಎನ್ನುವುದು ಸರಿಯಲ್ಲ.

ಪ್ರೀತಿಯಿಂದ ಕೊಟ್ಟದ್ದಕ್ಕೂ ಬೆಲೆ ಕಟ್ಟುತ್ತೀಯಾ ಎಂದು ಕೆಲವರು ಕೇಳಬಹುದು. ಇಲ್ಲ. ಅಮ್ಮಿ ಹೆಣೆದ ಟೋಪಿಗೆ ತಮ್ಮ ಹಣ ಕೊಡಬೇಕಾಗಿಲ್ಲ. ಆದರೆ ಅದಕ್ಕೆ ಎಷ್ಟು ಸಂಜೆಗಳು ಹೋದವು ಎಂದು ಅವನಿಗೆ ಗೊತ್ತಿರಬೇಕು. ಗೊತ್ತಿದ್ದು ತೆಗೆದುಕೊಂಡರೆ ಅದು ಉಡುಗೊರೆ. ಗೊತ್ತಿಲ್ಲದೆ ತೆಗೆದುಕೊಂಡರೆ ಪುಕ್ಕಟೆ ಮಾಲು.

ನಮ್ಮ ಕಾಲೇಜಿಗೆ ಎರಡು ಸಲಹೆ ಕೊಡುತ್ತೇನೆ. ಒಂದು, ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ಒಂದು ದಾರದ ಪೆಟ್ಟಿಗೆ ಇಡೋಣ. ಮಿಕ್ಕಿದ್ದನ್ನು ಹತ್ತಿ, ಅಕ್ರಿಲಿಕ್ ಎಂದು ಚೀಟಿ ಅಂಟಿಸಿ ಹಾಕಬೇಕು, ಬೇಕಾದವರು ತೆಗೆದುಕೊಳ್ಳಬೇಕು. ನನ್ನ ಚೀಲದಲ್ಲಿ ಜೋಡಿಯಿಲ್ಲದ ಹಸಿರಿಗೆ ಇನ್ನೊಬ್ಬರ ಚೀಲದಲ್ಲಿ ಜೋಡಿ ಇರಬಹುದು. ಅಧ್ಯಾಪಕಿಯರ ಮನೆಯ ಚೀಲಗಳಿಗೂ ಸ್ವಾಗತವಿದೆ. ಎರಡು, ಮುಂದಿನ ಮೇಳದಲ್ಲಿ ಕೈಕೆಲಸದ ಪ್ರತಿ ವಸ್ತುವಿನ ಚೀಟಿಯ ಮೇಲೆ ಬೆಲೆಯ ಜೊತೆ ಇನ್ನೆರಡು ಸಂಖ್ಯೆ ಬರೆಯೋಣ, ಎಷ್ಟು ಗ್ರಾಂ ದಾರ, ಎಷ್ಟು ಗಂಟೆ ಕೆಲಸ. ಚೌಕಾಸಿ ಮಾಡುವವರು ಮಾಡಲಿ, ಆದರೆ ಆ ಎರಡು ಸಂಖ್ಯೆಗಳನ್ನು ಓದಿದ ಮೇಲೆ ಮಾಡಲಿ.