ಕಲ್ಲಿನ ದನಿ ಕೇಳುವ ಕಿವಿ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುವುದನ್ನು ನೀವು ಗಮನಿಸಿರಬಹುದು. ‘ಠಣ್’ ಎಂದರೆ ಗಟ್ಟಿ ಮಡಕೆ. ದನಿ ಮಂಕಾಗಿದ್ದರೆ ಎಲ್ಲೋ ಬಿರುಕಿದೆ. ಶಿಲ್ಪಿಗಳು ಕಲ್ಲನ್ನು ಆರಿಸುವುದೂ ಹೀಗೆಯೇ.

ನಮ್ಮ ಹೊಸಕೋಟೆಯ ನೆರೆಯಲ್ಲೇ ಇರುವ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ವಿಗ್ರಹ ಕೆತ್ತುವ ಕುಟುಂಬಗಳಿಂದ ಹೆಸರಾದ ಊರು. ಅಲ್ಲಿ ವಿದ್ಯೆ ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಬಂದದ್ದು. ಶಿಲ್ಪಶಾಸ್ತ್ರವು ಗಂಟೆಯಂತೆ ನುಡಿಯುವ ಕಲ್ಲನ್ನು ಪುಂಶಿಲೆ ಎಂದೂ, ನಾದವಿಲ್ಲದ್ದನ್ನು ನಪುಂಸಕ ಶಿಲೆ ಎಂದೂ ಕರೆಯುತ್ತದೆ. ಇದರಲ್ಲಿ ಭೌತವಿಜ್ಞಾನವಿದೆ. ಸುತ್ತಿಗೆಯ ಪೆಟ್ಟಿಗೆ ಕಲ್ಲು ಕಂಪಿಸುತ್ತದೆ. ಒಳಗೆ ಬಿರುಕಿದ್ದರೆ ಕಂಪನದ ಶಕ್ತಿ ಅಲ್ಲೇ ಸೋರಿ, ನಾದ ಬೇಗ ಅಡಗುತ್ತದೆ. ಇಂದು ಎಂಜಿನಿಯರುಗಳು ಕಾಂಕ್ರೀಟಿನ ಒಳಬಿರುಕನ್ನು ಶ್ರವಣಾತೀತ ಧ್ವನಿಯಿಂದ ಹುಡುಕುತ್ತಾರೆ. ಉಪಕರಣ ಬೇರೆ, ತತ್ತ್ವ ಹತ್ತಿರದ್ದೇ.

ಇನ್ನು ಅಳತೆ. ಮುಖದ ಉದ್ದ ಒಂದು ತಾಲ; ಅದರ 12ನೇ ಒಂದು ಭಾಗ ಅಂಗುಲ. ನವತಾಲದ ವಿಗ್ರಹ 9 ಮುಖದಷ್ಟು, ಅಂದರೆ 108 ಅಂಗುಲ ಎತ್ತರ. ಗಣಪತಿಗೆ ಸಾಮಾನ್ಯವಾಗಿ 5 ತಾಲ. ಅವನು ಗಿಡ್ಡಗೆ, ದುಂಡಗೆ ಕಾಣುವುದು ಅದಕ್ಕೇ. ಈ ಅಂಗುಲ ಅಂಗಡಿಯ ಟೇಪಿನ ಅಂಗುಲವಲ್ಲ. ವಿಗ್ರಹ ಗೇಣುದ್ದವಿರಲಿ, ಆಳೆತ್ತರವಿರಲಿ, ಅದರೊಡನೆ ಅಂಗುಲವೂ ಕುಗ್ಗುತ್ತದೆ, ಹಿಗ್ಗುತ್ತದೆ. ನೀವು ಕಲಿಯುವ ಅನುಪಾತದ ಪಾಠ ಇದೇ ಅಲ್ಲವೇ?

ಈ ಜ್ಞಾನಕ್ಕೆ ಈಗ ಎರಡು ಅಪಾಯಗಳಿವೆ. ಒಂದು, ವಿದ್ಯುತ್ ಯಂತ್ರಗಳು ಎಬ್ಬಿಸುವ ನುಣುಪು ಧೂಳು. ಗ್ರಾನೈಟಿನಂಥ ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ನೀರು ಚಿಮುಕಿಸಿ ಕತ್ತರಿಸುವುದು, ತಕ್ಕ ಮುಖಗವಸು ಧರಿಸುವುದು ಅತ್ಯಗತ್ಯ. ಇನ್ನೊಂದು, ಉಳಿ ಹಿಡಿಯುವುದು ಓದು ಹತ್ತದವರ ಕೆಲಸವೆಂಬ ನಮ್ಮ ತಾತ್ಸಾರ. ಮಗ ಓದಿ ನೌಕರಿ ಸೇರಲೆಂದು ಶಿಲ್ಪಿ ಬಯಸಿದರೆ ತಪ್ಪಲ್ಲ. ಆದರೆ ಕಲ್ಲಿನ ದನಿ ಗುರುತಿಸುವ ಕಿವಿಯನ್ನು ಪುಸ್ತಕವೊಂದೇ ಕೊಡಲಾರದು. ಒಂದು ತಲೆಮಾರು ಕೇಳುವುದನ್ನು ಬಿಟ್ಟರೆ, ಮುಂದಿನದಕ್ಕೆ ಹೇಳಿಕೊಡುವವರಿರುವುದಿಲ್ಲ.

ಹೆತ್ತವರೇ, ರಜೆಯಲ್ಲಿ ಮಕ್ಕಳನ್ನು ಒಮ್ಮೆ ಶಿಲ್ಪಿಗಳ ಬಳಿ ಕರೆದೊಯ್ಯಿರಿ. ವಿದ್ಯಾರ್ಥಿಗಳೇ, ಅದಕ್ಕೆ ಮೊದಲು ಒಂದು ಪ್ರಯೋಗ: ಮಣಿಕಟ್ಟಿನಿಂದ ನಡುಬೆರಳ ತುದಿವರೆಗೆ ನಿಮ್ಮ ಅಂಗೈ ಅಳೆಯಿರಿ. ಕೂದಲಂಚಿನಿಂದ ಗದ್ದದವರೆಗೆ ಮುಖವನ್ನೂ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಶಿಲ್ಪಿಯ ಅಳತೆಗೋಲು ನಿಮ್ಮ ಕೈಯಲ್ಲೇ ಇದೆ.