ದಾರಿ ಯಾರನ್ನು ಕೇಳೋಣ?



ಬೇಳಕ್ಕೋ ವರ್ಕಾಡಿಗೋ ಮದುವೆಗೆ ಹೊರಟರೆ ಹಿಂದೆ ನಾವು ಬಸ್ಸಿಳಿದು ಅಂಗಡಿಯವರಲ್ಲಿ ದಾರಿ ಕೇಳುತ್ತಿದ್ದೆವು. ಈಗ ಮೊಬೈಲನ್ನು ಕೇಳುತ್ತೇವೆ. ಸಾಮಾನ್ಯವಾಗಿ ಉತ್ತರ ಕೊಡುವುದು ಗೂಗಲ್.

1998ರಲ್ಲಿ ಅಮೆರಿಕದಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಆರಂಭಿಸಿದ ಈ ಸಂಸ್ಥೆಗೆ ಮೊದಲು ಇದ್ದ ಕೆಲಸ ಒಂದೇ: ಅಂತರ್ಜಾಲದಲ್ಲಿ ಬೇಕಾದುದನ್ನು ಹುಡುಕಿ ಕೊಡುವುದು. ನಾವು ಹಣ ಕೊಡುವುದಿಲ್ಲ, ಅದರ ಆದಾಯ ಮುಖ್ಯವಾಗಿ ಜಾಹೀರಾತಿನಿಂದ. ಜನರಿಗೆ ಏನು ಬೇಕೆಂದು ತಿಳಿದಷ್ಟೂ ಜಾಹೀರಾತಿಗೆ ಬೆಲೆ. ಹಾಗಿರುವಾಗ, ನಾವು ಯಾರೊಡನೆ ಬೆರೆಯುತ್ತೇವೆ, ಎಲ್ಲಿಗೆ ಹೋಗುತ್ತೇವೆ ಎಂಬುದೂ ಬೆಲೆಯುಳ್ಳ ಮಾಹಿತಿಯೇ.

ಸ್ನೇಹಿತರನ್ನು ಬೆಸೆಯಲು ಗೂಗಲ್ 2004ರಲ್ಲಿ ಆರ್ಕುಟ್ ತಂದಿತು. ಭಾರತದ ಯುವಜನರು ಅದಕ್ಕೆ ಮುಗಿಬಿದ್ದರು. ಬಳಿಕ ಅವರು ಫೇಸ್‌ಬುಕ್ಕಿಗೆ ಹೋದರು. 2014ರಲ್ಲಿ ಆರ್ಕುಟ್ ಮುಚ್ಚಿತು. 2011ರಲ್ಲಿ ಬಂದ ಗೂಗಲ್ ಪ್ಲಸ್ ಕೂಡ 2019ರಲ್ಲಿ ಜನಸಾಮಾನ್ಯರ ಪಾಲಿಗೆ ನಿಂತುಹೋಯಿತು. ಸ್ನೇಹಿತರಿಲ್ಲದ ಕಡೆ ಕುಳಿತಿರುವವರು ಯಾರು?

ನಕ್ಷೆಯಾದರೋ ಒಂಟಿ ಪ್ರಯಾಣಿಕನಿಗೂ ಬೇಕು. ಸಿಡ್ನಿಯ ಪುಟ್ಟ ಸಂಸ್ಥೆಯೊಂದನ್ನು ಕೊಂಡುಕೊಂಡ ಗೂಗಲ್, 2005ರಲ್ಲಿ ತನ್ನ ನಕ್ಷೆಯನ್ನು ಹೊರತಂದಿತು. 2008ರಿಂದ ಊರವರೇ ತಮ್ಮ ರಸ್ತೆ, ಶಾಲೆ, ದೇವಾಲಯಗಳನ್ನು ಸೇರಿಸಲು ಅವಕಾಶ ಕೊಟ್ಟಿತು. ದಾರಿಯಲ್ಲಿ ವಾಹನಗಳ ದಟ್ಟಣೆ ಎಷ್ಟೆಂದು ಅದು ತಿಳಿಯುವುದೂ ಪ್ರಯಾಣಿಕರ ಮೊಬೈಲುಗಳಿಂದಲೇ. ಅಂದರೆ, ನಕ್ಷೆಯ ಜ್ಞಾನದಲ್ಲಿ ನಮ್ಮ ಪಾಲೂ ಇದೆ.

ಆದರೆ ಆ ಜ್ಞಾನಕ್ಕೊಂದು ಮಿತಿಯಿದೆ. 2024ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಪಳ್ಳಂಚಿಯಲ್ಲಿ, ನಕ್ಷೆ ನೋಡುತ್ತಾ ಕತ್ತಲಲ್ಲಿ ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದ ಇಬ್ಬರು ಯುವಕರ ಕಾರು ತುಂಬಿ ಹರಿಯುತ್ತಿದ್ದ ಹೊಳೆಗೆ ಬಿತ್ತು. ಸೇತುವೆಗೆ ತಡೆಗೋಡೆಯಿರಲಿಲ್ಲ. ಕೊಚ್ಚಿಹೋದ ಕಾರು ಮರಕ್ಕೆ ಸಿಲುಕಿತು. ಅಗ್ನಿಶಾಮಕ ದಳದವರು ಹಗ್ಗ ಹಾಕಿ ಇಬ್ಬರನ್ನೂ ಬದುಕಿಸಿದರು.

ಅಲ್ಲೊಂದು ಸೇತುವೆಯಿದೆ ಎಂಬುದು ನಕ್ಷೆಗೆ ಗೊತ್ತು. ಇವತ್ತು ಅದರ ಮೇಲೆ ನೀರು ಬಂದಿದೆ ಎಂಬುದು ಹೊಳೆಬದಿಯ ಮನೆಯವರಿಗೆ ಗೊತ್ತು. ಆದುದರಿಂದ ಮಳೆಗಾಲದಲ್ಲಿ ಗುರುತಿಲ್ಲದ ಊರಿಗೆ ಹೊರಡುವಾಗ, ಮುಖ್ಯವಾಗಿ ರಾತ್ರಿ ಹೊತ್ತು, ಅಲ್ಲಿನವರೊಬ್ಬರಿಗೆ ಫೋನ್ ಮಾಡೋಣ. ಮದುವೆಯ ಕಾಗದದಲ್ಲಿ ದಾರಿ ಹೇಳಬಲ್ಲವರ ನಂಬರನ್ನೂ ಅಚ್ಚು ಹಾಕಿಸೋಣ. ಅಪರಿಚಿತರು ಗೇಟಿನ ಬಳಿ ವಾಹನ ನಿಲ್ಲಿಸಿ ದಾರಿ ಕೇಳಿದರೆ ಕಿಟಕಿಯಿಂದಲೇ ಕೈ ತೋರಿಸದೆ, ಅಂಗಳಕ್ಕಿಳಿದು ಹೇಳೋಣ.